ಯಾರ ಸೆರೆವಾಸಕ್ಕೆ ಸ್ಮಾರಕ? ಜಾನ್ಸನ್ ದ್ವೀಪ, ಕ್ಯಾಂಪ್ ಡಗ್ಲಸ್ ಮತ್ತು ಶ್ರೀರಂಗಪಟ್ಟಣ

ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಒಹಾಯೋ ರಾಜ್ಯದ ಸಾಂಡಸ್ಕಿ ಊರು ಹೊಸದಲ್ಲ. ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಅಲ್ಲಿನ ಸೀಡರ್ ಪಾಯಿಂಟ್ ಮನರಂಜನಾ ಉದ್ಯಾನಕ್ಕೆ ಹೋಗುವುದು ವಾಡಿಕೆ. ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಅಲ್ಲಿನ ಕೊಲ್ಲಿಯ ನೀರಿನ ಆಚೆ, ರೋಲರ್ ಕೋಸ್ಟರ್‌ಗಳ ಕಮಾನುಗಳು ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ, ಸುಮಾರು 300 ಎಕರೆಯ ಜಾನ್ಸನ್ ದ್ವೀಪವಿದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರ ಏಪ್ರಿಲ್‌ನಿಂದ 1865ರ ಸೆಪ್ಟೆಂಬರ್‌ವರೆಗೆ, ಇದು ಯುದ್ಧಕೈದಿಗಳ ಸೆರೆಮನೆಯಾಗಿತ್ತು. ದಕ್ಷಿಣದ ಬಂಡಾಯ ರಾಜ್ಯಗಳ ಸೇನೆಯ ಸುಮಾರು 10,000 ಮಂದಿ ಇಲ್ಲಿ ಸೆರೆಯಲ್ಲಿದ್ದು ಹೋದರು. ಅವರಲ್ಲಿ ಬಹುಪಾಲು ಅಧಿಕಾರಿಗಳು.

ಒಂದು ಸೆರೆಮನೆ ಮುಂದೆ ಸ್ಮಾರಕವೋ ಮ್ಯೂಸಿಯಮ್ಮೋ ಆಗಿ ಉಳಿಯಬೇಕಾದರೆ ಏನು ಬೇಕು? ಅಲ್ಲಿ ಅನುಭವಿಸಿದ ನೋವಿನ ಪ್ರಮಾಣವೇ ಇದನ್ನು ನಿರ್ಧರಿಸುತ್ತದೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಈ ಭಾವನೆ ತಪ್ಪೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸೆರೆಯಾಳಿನ ದರ್ಜೆ, ಅವನ ಕೈಯಲ್ಲಿದ್ದ ಲೇಖನಿ, ಅವನು ಸತ್ತ ಮೇಲೂ ಅವನ ಪರವಾಗಿ ಹಣ ಕೂಡಿಸಬಲ್ಲ ಸಮುದಾಯ, ಈ ಮೂರೂ ಕೂಡಿದ ಕಡೆ ನೆನಪು ಕಲ್ಲಾಗಿ ನಿಲ್ಲುತ್ತದೆ. ಇವು ಇಲ್ಲದ ಕಡೆ ಸಾವಿರಾರು ಜನ ಸತ್ತಿದ್ದರೂ ನೆಲ ಸಮತಟ್ಟಾಗುತ್ತದೆ.

ದ್ವೀಪದ ಆಯ್ಕೆಯಿಂದಲೇ ಆರಂಭಿಸೋಣ. 1861ರಲ್ಲಿ ಯುದ್ಧಕೈದಿಗಳ ಉಸ್ತುವಾರಿ ಹೊತ್ತ ವಿಲಿಯಂ ಹಾಫ್‌ಮನ್ ಈರೀ ಸರೋವರದ ದ್ವೀಪಗಳನ್ನು ಒಂದೊಂದಾಗಿ ನೋಡಿಬಂದರು. ಕೆಲವು ದ್ವೀಪಗಳು ಕೆನಡಾಕ್ಕೆ ತೀರ ಹತ್ತಿರವಿದ್ದವು. ಜಾನ್ಸನ್ ದ್ವೀಪ ಕೊಲ್ಲಿಯ ಒಳಗಿತ್ತು, ಸಾಂಡಸ್ಕಿ ಪೇಟೆಯಿಂದ ಸಾಮಾನು ತರಿಸುವುದು ಸುಲಭವಿತ್ತು. ಮಾಲೀಕ ಲಿಯೊನಾರ್ಡ್ ಜಾನ್ಸನ್‌ಗೆ ವರ್ಷಕ್ಕೆ 500 ಡಾಲರ್ ಗುತ್ತಿಗೆ ಗೊತ್ತಾಯಿತು. ಹಲಗೆಗೋಡೆಯಿಂದ ಆವರಿಸಿದ ಸುಮಾರು 16 ಎಕರೆ ಜಾಗದಲ್ಲಿ ಮರದ ವಸತಿಗಳು ಎದ್ದವು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ದ್ವೀಪ ದ್ವೀಪವಾಗಿ ಉಳಿಯುವುದಿಲ್ಲ ಎಂಬುದು 1864ರ ಜನವರಿ ಮೊದಲಲ್ಲೇ ಸಾಬೀತಾಯಿತು. ಮೈ ಕೊರೆಯುವ ಆ ಚಳಿಯಲ್ಲಿ ಕೆಲವು ಕೈದಿಗಳು ಗೋಡೆ ದಾಟಿ, ಹಿಮಗಡ್ಡೆಯ ಮೇಲೆ ನಡೆದು ಕೆನಡಾ ಸೇರಿಕೊಂಡರು.

ಡೆಟ್ರಾಯಿಟ್ ನಗರ ಈ ಕಥೆಯೊಳಗೆ ಬರುವುದು ಅದೇ ವರ್ಷದ ಸೆಪ್ಟೆಂಬರ್ 19ರಂದು. ಆ ಬೆಳಿಗ್ಗೆ ಡೆಟ್ರಾಯಿಟ್ ಧಕ್ಕೆಯಿಂದ ಹೊರಟ ಫಿಲೊ ಪಾರ್ಸನ್ಸ್ ಎಂಬ ಪ್ರಯಾಣಿಕರ ಹಡಗಿಗೆ ದಕ್ಷಿಣದ ಪರ ಕೆಲಸ ಮಾಡುತ್ತಿದ್ದ ಗುಂಪಿನ ಒಬ್ಬ ಹತ್ತಿದ. ಉಳಿದವರು ಕೆನಡಾ ಬದಿಯ ನಿಲ್ದಾಣಗಳಲ್ಲಿ ಸೇರಿಕೊಂಡರು. ನಾಯಕ ಜಾನ್ ಯೇಟ್ಸ್ ಬೀಲ್. ಸರೋವರದ ಮಧ್ಯೆ ಹಡಗನ್ನು ವಶಪಡಿಸಿಕೊಂಡು, ಎದುರಾದ ಐಲೆಂಡ್ ಕ್ವೀನ್ ಎಂಬ ಇನ್ನೊಂದು ಹಡಗನ್ನೂ ಹಿಡಿದು ಮುಳುಗಿಸಿದರು. ದ್ವೀಪದ ಕಾವಲಿಗಿದ್ದ ಮಿಷಿಗನ್ ಎಂಬ ಯುದ್ಧನೌಕೆಯನ್ನು ಕೈವಶ ಮಾಡಿಕೊಂಡು ಸೆರೆಯಾಳುಗಳನ್ನೆಲ್ಲ ಬಿಡಿಸುವುದು ಅವರ ಹಂಚಿಕೆ. ಸಾಂಡಸ್ಕಿಯಲ್ಲಿದ್ದುಕೊಂಡು ಒಳಗಿನಿಂದ ನೆರವಾಗಬೇಕಿದ್ದ ಚಾರ್ಲ್ಸ್ ಕೋಲ್ ಅಷ್ಟರಲ್ಲಿ ಸಿಕ್ಕಿಬಿದ್ದಿದ್ದ. ನಿರೀಕ್ಷಿಸಿದ ಸನ್ನೆ ಬರಲಿಲ್ಲ, ಬೀಲ್‌ನ ಜೊತೆಗಾರರಲ್ಲಿ ಹೆಚ್ಚಿನವರು ಮುಂದುವರಿಯಲು ಒಪ್ಪಲಿಲ್ಲ, ಹಡಗು ಹಿಂದಿರುಗಿತು. ಬೀಲ್‌ನನ್ನು 1865ರ ಫೆಬ್ರವರಿ 24ರಂದು ನ್ಯೂಯಾರ್ಕಿನ ಗವರ್ನರ್ಸ್ ದ್ವೀಪದಲ್ಲಿ ಗಲ್ಲಿಗೇರಿಸಲಾಯಿತು. ಇಷ್ಟು ದೊಡ್ಡ ಸಾಹಸಕ್ಕೆ ಕೈಹಾಕಲು ಕಾರಣ ಒಳಗಿದ್ದವರ ದರ್ಜೆ ಎಂಬುದನ್ನು ಗಮನಿಸಬೇಕು. ಸೇನೆಯನ್ನು ನಡೆಸಬಲ್ಲ ಸಾವಿರಾರು ಅಧಿಕಾರಿಗಳು ಒಂದೇ ಕಡೆ ಇದ್ದರು.

ಇಂದು ಆ ದ್ವೀಪಕ್ಕೆ ನೀರಿನ ನಡುವೆ ಏರಿಹಾಕಿ ಮಾಡಿದ ರಸ್ತೆಯಲ್ಲಿ ಹೋಗಬಹುದು. ಆಲ್ಕಟ್ರಾಜ್ ಸೆರೆಮನೆಯಲ್ಲಿರುವಂತೆ ಕಬ್ಬಿಣದ ಸರಳುಗಳ ಕೋಣೆಗಳು ಇಲ್ಲಿಲ್ಲ. ಮರದ ಕಟ್ಟಡಗಳೆಲ್ಲ ಹೋಗಿವೆ, ದಡದುದ್ದಕ್ಕೂ ಖಾಸಗಿ ಮನೆಗಳಿವೆ. ಉಳಿದಿರುವುದು ಮಣ್ಣಿನ ಕೋಟೆಯ ದಿಬ್ಬ ಮತ್ತು ಸ್ಮಶಾನ. ಸಂಗ್ರಹಿತ ವಸ್ತುಗಳನ್ನು ನೋಡಲು ಹತ್ತಿರದ ಮಾರ್ಬಲ್‌ಹೆಡ್ ಊರಿನ ಪುಟ್ಟ ಮ್ಯೂಸಿಯಂಗೆ ಹೋಗಬೇಕು. ಆದ್ದರಿಂದ ಇಲ್ಲಿನ ನಿಜವಾದ ಪ್ರದರ್ಶನ ನೆಲದಡಿಯಲ್ಲಿದೆ ಎನ್ನಬಹುದು. ಒಹಾಯೋದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ಡೇವಿಡ್ ಬುಷ್ ಇಲ್ಲಿ ದಶಕಗಳ ಕಾಲ ಉತ್ಖನನ ನಡೆಸಿದರು. 1990ರಲ್ಲಿ ಈ ತಾಣಕ್ಕೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮನ್ನಣೆಯೂ ದೊರೆಯಿತು.

ಬುಷ್ ಅವರ ಉತ್ಖನನಕ್ಕೆ ಹೆಚ್ಚಿನ ಸಾಮಗ್ರಿ ಒದಗಿಸಿದ್ದು ಶೌಚಗುಂಡಿಗಳು. ವಸತಿಯ ಹಿಂದೆ ತೋಡಿದ ಗುಂಡಿ ತುಂಬಿದೊಡನೆ ಅದನ್ನು ಮುಚ್ಚಿ ಬೇರೆ ಗುಂಡಿ ತೋಡುತ್ತಿದ್ದರು. ಹೀಗಾಗಿ ಒಂದೊಂದು ಗುಂಡಿಯೂ ಕೆಲವೇ ತಿಂಗಳುಗಳ ಬದುಕನ್ನು ಹಾಗೆಯೇ ಹಿಡಿದಿಟ್ಟಿದೆ. ಬಾಟಲಿ ಚೂರು, ಮೂಳೆ, ಹೊಗೆಸೊಪ್ಪಿನ ಚಿಲುಮೆ ಇವುಗಳೊಡನೆ ಸಿಕ್ಕಿರುವ ಒಂದು ಬಗೆಯ ವಸ್ತು ವಿಶೇಷ ಗಮನಕ್ಕೆ ಅರ್ಹ. ಅದು ಗಟ್ಟಿ ರಬ್ಬರಿನ ಆಭರಣ. ಕೋಟಿನ ಕಪ್ಪು ರಬ್ಬರ್ ಗುಂಡಿಯನ್ನು ಕೈದಿಯೊಬ್ಬ ಅರದಿಂದ ಉಜ್ಜಿ ಉಂಗುರ ಮಾಡುತ್ತಿದ್ದ. ಅದರ ಮೇಲೆ ಸಣ್ಣ ಕುಳಿ ಕೊರೆದು ಕಪ್ಪೆಚಿಪ್ಪಿನ ಹೊಳೆಯುವ ಚೂರನ್ನೋ ಬೆಳ್ಳಿಯ ತುಣುಕನ್ನೋ ಕೂರಿಸುತ್ತಿದ್ದ. ಕೆಲವನ್ನು ಹೆಂಡತಿಗೆ, ತಾಯಿಗೆ ಕಳಿಸುತ್ತಿದ್ದ, ಕೆಲವನ್ನು ಮಾರುತ್ತಿದ್ದ. ಕಚ್ಚಾ ಸಾಮಗ್ರಿಯಿಂದ ಮುರಿದ ಉಂಗುರದವರೆಗೆ ಎಲ್ಲ ಹಂತಗಳೂ ಮಣ್ಣಿನಲ್ಲಿ ದೊರೆತಿರುವುದರಿಂದ ಆ ಕೈಗಳು ಕೆಲಸ ಮಾಡಿದ ರೀತಿಯನ್ನೇ ಓದಬಹುದು. ಬುಷ್ ಅವರು ವೆಸ್ಲಿ ಮೇಕ್ಲಿ ಎಂಬ ಅಧಿಕಾರಿ ಮತ್ತು ಅವನ ಹೆಂಡತಿ ಕೇಟ್ ಪರಸ್ಪರ ಬರೆದ ಪತ್ರಗಳನ್ನೂ 2011ರಲ್ಲಿ ಪುಸ್ತಕವಾಗಿ ಹೊರತಂದರು. ಪತ್ರ ಮತ್ತು ವಸ್ತು ಒಂದಕ್ಕೊಂದು ಸಾಕ್ಷಿ ನುಡಿಯುವ ಇಂಥ ಸಂದರ್ಭ ಸೆರೆಮನೆಗಳ ಚರಿತ್ರೆಯಲ್ಲಿ ಅಪರೂಪ.

ಆದರೆ ಉಂಗುರ ಕೊರೆಯಲು ಬಿಡುವು ಬೇಕು, ಅರ ಕೊಳ್ಳಲು ಹಣ ಬೇಕು, ಪತ್ರ ಬರೆಯಲು ಅಕ್ಷರ ಬೇಕು. ಈ ಅಧಿಕಾರಿಗಳಲ್ಲಿ ಎಷ್ಟೋ ಮಂದಿ ಗುಲಾಮರ ದುಡಿಮೆಯಿಂದ ಸಿರಿವಂತರಾದ ಮನೆಗಳಿಂದ ಬಂದವರು. ಅವರು ನಾಟಕ ಆಡಿದರು, 1864ರ ಆಗಸ್ಟಿನಲ್ಲಿ ಬೇಸ್‌ಬಾಲ್ ಪಂದ್ಯ ನಡೆಸಿದರು, ದಿನಚರಿ ಬರೆದರು. ನಂತರ ಪಡಿ ಕಡಿಮೆಯಾದಾಗ ಹಸಿವಿನಿಂದ ನರಳಿದ್ದೂ ನಿಜ. ಸ್ಮಶಾನದಲ್ಲಿ 206 ಕಲ್ಲುಗಳಿವೆ. ಕಲ್ಲಿಲ್ಲದ ಗೋರಿಗಳೂ ಇವೆ. ಹಳೆಯ ಮರದ ಫಲಕಗಳು ಶಿಥಿಲವಾದಾಗ ಜಾರ್ಜಿಯಾ ರಾಜ್ಯದ ಪತ್ರಕರ್ತರು ಬಂದು ನೋಡಿ, ಹಣ ಕೂಡಿಸಿ, 1890ರಲ್ಲಿ ಅಮೃತಶಿಲೆಯ ಫಲಕಗಳನ್ನು ಹಾಕಿಸಿದರು. 1910ರಲ್ಲಿ ದಕ್ಷಿಣದ ಯೋಧರ ಕುಟುಂಬಗಳ ಮಹಿಳೆಯರ ಸಂಘಟನೆ ಶಿಲ್ಪಿ ಮೋಸೆಸ್ ಎಜೆಕಿಯಲ್ ಮಾಡಿದ ಕಂಚಿನ ಸೈನಿಕನನ್ನು ಅಲ್ಲಿ ನಿಲ್ಲಿಸಿತು. ಸೋತ ಪಕ್ಷದ ನೆನಪು ಗೆದ್ದವರ ನೆಲದಲ್ಲಿ ಹೀಗೆ ನೆಲೆಯೂರಿತು.

ಈ ಕಂಚು ಮತ್ತು ಅಮೃತಶಿಲೆ ಹೇಳದ ಒಂದು ಮಾತನ್ನು ಸಂಶೋಧಕರು ಒತ್ತಿ ಹೇಳಲೇಬೇಕು. 1862ರ ಜುಲೈನಲ್ಲಿ ಎರಡೂ ಪಕ್ಷಗಳು ಕೈದಿಗಳ ವಿನಿಮಯಕ್ಕೆ ಒಪ್ಪಂದ ಮಾಡಿಕೊಂಡಿದ್ದವು. ಅದು ಮುರಿದುಬಿದ್ದದ್ದು 1863ರಲ್ಲಿ. ಉತ್ತರದ ಸೇನೆ ಸೇರಿದ ಕಪ್ಪು ಸೈನಿಕರನ್ನು ಯುದ್ಧಕೈದಿಗಳೆಂದು ಪರಿಗಣಿಸಲು ದಕ್ಷಿಣದ ಸರ್ಕಾರ ನಿರಾಕರಿಸಿದ್ದೇ ಅದಕ್ಕೆ ಮುಖ್ಯ ಕಾರಣ. ಎರಡೂ ಕಡೆಯ ಶಿಬಿರಗಳು ತುಂಬಿ ತುಳುಕಿ ಸಾವು ಏರಿದ್ದರ ಹಿಂದೆ ಈ ನಿರಾಕರಣೆಯ ಪಾಲು ದೊಡ್ಡದು. ಸೆರೆಯಾಳುಗಳ ಸಂಕಟ ಹೇಳಿ ಅವರ ಸರ್ಕಾರದ ಈ ನಿಲುವನ್ನು ಹೇಳದ ಸ್ಮಾರಕ ಅರ್ಧ ಸತ್ಯದ ಸ್ಮಾರಕ.

ಈಗ ಷಿಕಾಗೋಗೆ ಬರೋಣ. ನಗರದ ದಕ್ಷಿಣ ಭಾಗದಲ್ಲಿ, 31ನೇ ಬೀದಿಯ ಆಸುಪಾಸು, ಅದೇ ಯುದ್ಧದ ಇನ್ನೊಂದು ಸೆರೆಶಿಬಿರವಾದ ಕ್ಯಾಂಪ್ ಡಗ್ಲಸ್ ಇತ್ತು. ಇಲ್ಲಿ ಸೆರೆಯಿದ್ದವರು ಹೆಚ್ಚಾಗಿ ಸಾಮಾನ್ಯ ಸಿಪಾಯಿಗಳು. 26,000ಕ್ಕೂ ಹೆಚ್ಚು ಮಂದಿ ಬಂದರು, 4,000ಕ್ಕೂ ಹೆಚ್ಚು ಮಂದಿ ಸತ್ತರು. ಜೌಗು ನೆಲ, ನಿಂತ ಕೊಳಚೆ, ಸಿಡುಬು, ಭೇದಿ, ತೆಳ್ಳನೆ ಬಟ್ಟೆಯಲ್ಲಿ ಕಳೆದ ಚಳಿಗಾಲ ಅವರನ್ನು ಕೊಂದವು. ಯುದ್ಧ ಮುಗಿದೊಡನೆ ಶಿಬಿರವನ್ನು ಕಿತ್ತುಹಾಕಿದರು. ಇಂದು ಅಲ್ಲಿ ವಸತಿ ಸಮುಚ್ಚಯಗಳೂ ಶಾಲೆಯೂ ಇವೆ. ಇಪ್ಪತ್ತನೆಯ ಶತಮಾನದಲ್ಲಿ ಅದು ಷಿಕಾಗೋದ ಕಪ್ಪು ಜನರ ಬದುಕಿನ ಕೇಂದ್ರವಾದ ಬ್ರಾಂಜ್‌ವಿಲ್ ಪ್ರದೇಶವಾಯಿತು. ಹೋಗಿ ನೋಡಬಹುದಾದ ಒಂದು ಸೆರೆಗೋಡೆಯೂ ಉಳಿದಿಲ್ಲ. ಜಾನ್ಸನ್ ದ್ವೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಾವು ಕಂಡ ನೆಲ ಇದು.

ಸತ್ತವರನ್ನು ಮೊದಲು ಮಿಷಿಗನ್ ಸರೋವರದ ದಡದ ನಗರ ಸ್ಮಶಾನದಲ್ಲಿ, ಅಂದರೆ ಇಂದಿನ ಲಿಂಕನ್ ಪಾರ್ಕ್ ಇರುವಲ್ಲಿ, ಹೂಳಿದರು. ಆಮೇಲೆ ಅವಶೇಷಗಳನ್ನು ಓಕ್ ವುಡ್ಸ್ ಸ್ಮಶಾನಕ್ಕೆ ಸಾಗಿಸಿ ಸಾಮೂಹಿಕ ಗೋರಿಯಲ್ಲಿಟ್ಟರು. ಅದರ ಮೇಲಿನ ಸ್ತಂಭ 1895ರ ಮೇ 30ರಂದು, ಅಧ್ಯಕ್ಷ ಕ್ಲೀವ್‌ಲೆಂಡ್ ಅವರ ಸಮ್ಮುಖದಲ್ಲಿ, ಅನಾವರಣಗೊಂಡಿತು. ಅದೇ ಸ್ಮಶಾನದಲ್ಲಿ, ಕಪ್ಪು ಜನರನ್ನು ಗುಂಪು ಕಟ್ಟಿ ಕೊಲ್ಲುತ್ತಿದ್ದ ಪಿಡುಗಿನ ವಿರುದ್ಧ ಜೀವನವಿಡೀ ಬರೆದ ಐಡಾ ಬಿ. ವೆಲ್ಸ್ ಅವರ ಸಮಾಧಿಯಿದೆ. ನಗರದ ಮೊದಲ ಕಪ್ಪು ಮೇಯರ್ ಹೆರಾಲ್ಡ್ ವಾಷಿಂಗ್ಟನ್ ಅವರದೂ ಇದೆ. ನನ್ನ ಮಟ್ಟಿಗೆ, ಅಂತರ್ಯುದ್ಧದ ಅರ್ಥವನ್ನು ಯಾವ ಮ್ಯೂಸಿಯಂಗಿಂತಲೂ ಸ್ಪಷ್ಟವಾಗಿ ತಿಳಿಸುವ ಜಾಗ ಇದು.

  

ಕನ್ನಡ ನಾಡಿನಲ್ಲೂ ಒಂದು ದ್ವೀಪಸೆರೆಯಿದೆ. ಕಾವೇರಿ ಸುತ್ತುವರಿದ ಶ್ರೀರಂಗಪಟ್ಟಣದ ಕೋಟೆಗೋಡೆಗೆ ಒತ್ತಿಕೊಂಡಿರುವ, ಕೈದಿಗಳನ್ನು ಕಟ್ಟಿಹಾಕಲು ತೂತು ಕೊರೆದ ಕಲ್ಲುಗಳಿರುವ ಕಮಾನು ಕೋಣೆಯನ್ನು ಕರ್ನಲ್ ಬೇಲಿಯ ಬಂದೀಖಾನೆ ಎಂದು ತೋರಿಸುತ್ತಾರೆ. 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕಾಳಗದಲ್ಲಿ ಮೈಸೂರು ಸೇನೆಗೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಬೇಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಅವನೊಡನೆ ಸೆರೆಯಾಗಿ, 1784ರ ಮಂಗಳೂರು ಒಪ್ಪಂದದ ಬಳಿಕ ಬಿಡುಗಡೆಯಾದ ಡೇವಿಡ್ ಬೇರ್ಡ್ 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳಾಗಿದ್ದ. ಅಧಿಕಾರಿಗಳಷ್ಟೇ ಅಲ್ಲ, ಜೇಮ್ಸ್ ಬ್ರಿಸ್ಟೋನಂಥ ಸಾಮಾನ್ಯ ಬ್ರಿಟಿಷ್ ಸೈನಿಕನೂ ತನ್ನ ಸೆರೆವಾಸದ ಕಥನ ಅಚ್ಚು ಹಾಕಿಸಿದ. ಓದಲು ಇಂಗ್ಲೆಂಡ್ ಕಾದಿತ್ತು.

ಅದೇ ಕಾಳಗದಲ್ಲಿ ಬೇಲಿಯ ಜೊತೆಗಿದ್ದ ದೇಶೀ ಸಿಪಾಯಿಗಳ ಹೆಸರಿನಲ್ಲಿ ಇಲ್ಲಿ ಯಾವ ಕೋಣೆಯೂ ಇಲ್ಲ. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯಿಂದ ಘಟ್ಟ ಹತ್ತಿಸಿ ತಂದ ಸಾವಿರಾರು ಕ್ರೈಸ್ತ ಕುಟುಂಬಗಳಿಗೆ, ಕೊಡಗಿನಿಂದ ತಂದ ಸೆರೆಯಾಳುಗಳಿಗೆ ಹೆಸರು ಹೊತ್ತ ಬಂದೀಖಾನೆಯೂ ಇಲ್ಲ. ಅವರ ಸಂಖ್ಯೆಯ ಬಗ್ಗೆ, ಟಿಪ್ಪುವಿನ ಉದ್ದೇಶದ ಬಗ್ಗೆ ವಿದ್ವಾಂಸರಲ್ಲಿ ತೀವ್ರ ಭಿನ್ನಮತವಿದೆ. ಸೆರೆ ನಡೆದದ್ದರ ಬಗ್ಗೆ ಭಿನ್ನಮತವಿಲ್ಲ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ ಆ ನೆನಪು ಬಾಯಿಂದ ಬಾಯಿಗೆ ಬಂದಿದೆ. ಜಾನ್ಸನ್ ದ್ವೀಪದ ಶೌಚಗುಂಡಿಗಳನ್ನು ಶೋಧಿಸಿದಷ್ಟು ತಾಳ್ಮೆಯಿಂದ ಈ ನೆನಪನ್ನು, ಅದರ ಜೊತೆಗೆ ಚರ್ಚಿನ ದಾಖಲೆ, ಕೈಫಿಯತ್ತು, ಪರ್ಷಿಯನ್ ಬರಹಗಳನ್ನು ಒಟ್ಟಿಗೆ ಇಟ್ಟು ಓದುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಡೆಯಬೇಕು. ಶ್ರೀರಂಗಪಟ್ಟಣದ ಆ ಕಮಾನು ಕೋಣೆಯ ಮುಂದಿನ ಫಲಕದಲ್ಲಿ ಬೇಲಿಯ ಹೆಸರಿನ ಜೊತೆಗೆ ಸಿಪಾಯಿಗಳನ್ನೂ, ಕರಾವಳಿಯ ಮತ್ತು ಕೊಡಗಿನ ಸೆರೆಯಾಳುಗಳನ್ನೂ ಕನ್ನಡದಲ್ಲಿ ಸ್ಮರಿಸುವಂತಾಗಬೇಕು ಎಂದು ಪುರಾತತ್ತ್ವ ಇಲಾಖೆಯನ್ನು ಈ ಲೇಖನದ ಮೂಲಕ ಕೋರುತ್ತೇನೆ.