ಮಳೆ ಬರುವುದರೊಳಗೆ ಸಾಣಿಕಟ್ಟೆ

ಮದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣದತ್ತ ತಿರುಗುವ ಬಸ್ಸಿಗೆ ಮೇ ತಿಂಗಳಲ್ಲಿ ಭಾರೀ ಜನ. ಮಹಾಬಲೇಶ್ವರನ ಭಕ್ತರಿಗೂ ಓಂ ಬೀಚಿನ ಹುಡುಗರಿಗೂ ಸಾಣಿಕಟ್ಟೆ ದಾರಿಯಲ್ಲಿ ಸಿಗುವ ಒಂದು ಹೆಸರಷ್ಟೇ. ಆದರೆ ಉತ್ತರ ಕನ್ನಡದ ಕರಾವಳಿಯಲ್ಲಿ ಬೇಸಿಗೆ ಮುಗಿಯುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಊರಿಲ್ಲ ಎಂದು ನನ್ನ ಎಣಿಕೆ.

ಊರಿನ ಬದುಕು ಉಪ್ಪಿನ ಆಗರದ್ದು. ಅಘನಾಶಿನಿ ಹೊಳೆ ಕಡಲು ಸೇರುವ ಮೊದಲು ಅಗಲವಾಗಿ ಹರಡುವಲ್ಲಿ, ಭರತದ ನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಳ್ಳುತ್ತಾರೆ. ಅದು ಗದ್ದೆಯಿಂದ ಗದ್ದೆಗೆ ದಾಟುತ್ತಾ ಬಿಸಿಲಿಗೆ ಕಾದು ಗಟ್ಟಿಯಾಗುತ್ತದೆ. ಕೊನೆಯ ಗದ್ದೆಯ ಜೇಡಿನೆಲವನ್ನು ಮೊದಲೇ ತುಳಿದು ಬಡಿದು ನಯಮಾಡಿರುತ್ತಾರೆ. ಅಲ್ಲಿ ಹರಳು ಕಟ್ಟಿದ್ದನ್ನು ಮರದ ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಮಣ್ಣಿನ ಛಾಯೆ ಬಿಡದ ದಪ್ಪ ಹರಳು. ಅಪ್ಪೆಮಿಡಿಗೆ, ಮೀನು ಒಣಗಿಸಲು, ತೆಂಗಿನ ಬುಡಕ್ಕೆ ಇಂಥದ್ದೇ ಬೇಕು ಎನ್ನುವವರು ಇನ್ನೂ ಇದ್ದಾರೆ. ಮೋಡ ಕಂಡರೆ ಆಗರದಲ್ಲಿ ಎಲ್ಲರ ಕಾಲಿಗೂ ಚಕ್ರ. ಒಂದು ಅಡ್ಡಮಳೆ ಸಾಕು, ವಾರದ ದುಡಿಮೆ ಮತ್ತೆ ನೀರು.

ಉಪ್ಪಿನ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಹಳೆಯ ಕತೆ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಬೆವರು ಊರಿನದಾದರೂ ತೆರಿಗೆ ಬ್ರಿಟಿಷರದು. 1930ರ ಏಪ್ರಿಲ್ 13ರಂದು ಗಂಗಾವಳಿಯಾಚೆಯ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾಯ್ದೆ ಮುರಿದರು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಆಗರದ ಒಡೆಯರು ನಾಗರಬೈಲ ಉಪ್ಪಿನ ಮಾಲಕರ ಸಹಕಾರಿ ಸಂಘ ಕಟ್ಟಿಕೊಂಡರು. ಒಡೆತನದ ಲೆಕ್ಕ ಕಡತದಲ್ಲಿದೆ. ಕಾಲಿನ ಚರ್ಮ ಸುಲಿಯುವ ಕೂಲಿಯವರ ಲೆಕ್ಕ ಯಾರೂ ಅಷ್ಟು ಚೆನ್ನಾಗಿ ಬರೆದಿಟ್ಟಿಲ್ಲ.

ಅದೇ ಹೊಳೆಯ ಏರಿಳಿತವೇ ಸುತ್ತಲಿನ ಊರುಗಳಿಗೂ ಅನ್ನ. ಗಜನಿ ಎಂಬ ಹಿನ್ನೀರಿನ ತಗ್ಗು ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲಾದ ಮೇಲೆ ಅಲ್ಲೇ ಸಿಗಡಿ, ಮೀನು. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಾರೆ. ಅಣೆಕಟ್ಟು ಕಾಣದ ಹೊಳೆಯಾದ್ದರಿಂದ ಮಳೆಗಾಲದ ಸಿಹಿನೀರೂ ಬೇಸಿಗೆಯ ಉಪ್ಪುನೀರೂ ತಮ್ಮ ತಮ್ಮ ಪಾಳಿ ತಪ್ಪಿಸುವುದಿಲ್ಲ. ಇಂಥ ಕಡೆ, ಪಕ್ಕದ ತದಡಿಯಲ್ಲಿ, ಉಷ್ಣವಿದ್ಯುತ್ ಸ್ಥಾವರ ತರಬೇಕೆಂದು ಹೊರಟವರಿದ್ದರು, ಜನ ಬಿಡಲಿಲ್ಲ. 2024ರಲ್ಲಿ 4,801 ಹೆಕ್ಟೇರಿನ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಬಳಚು ಹೆಕ್ಕುವವರಿಗೆ ಅದರ ಬೆಲೆ ಪಟ್ಟಿಗೂ ಮೊದಲೇ ಗೊತ್ತಿತ್ತು.

ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೂ ರಜೆ, ಆಮೇಲೆ ಆಗರವೂ ನೀರಿನಡಿ. ವರ್ಷದ ಹರಳುಪ್ಪು ಬೇಕಿದ್ದರೆ ಮೃಗಶಿರ ಮಳೆ ಹಿಡಿಯುವ ಮೊದಲೇ ಚೀಲ ಹಿಡಿದು ಹೋಗಬೇಕು.