ಹಗರಿಯ ನೆರೆಯೂ ಹೂಳೂ

ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರವು ಇತಿಹಾಸಪ್ರಿಯರಿಗೆ ಸುಪರಿಚಿತವಾದ ಗ್ರಾಮವು. ೧೮೯೨ರಲ್ಲಿ ಬಿ. ಎಲ್. ರೈಸ್ ಮಹಾಶಯರು ಇಲ್ಲಿಯೂ, ಸಮೀಪದ ಬ್ರಹ್ಮಗಿರಿ ಜಟಿಂಗರಾಮೇಶ್ವರಗಳಲ್ಲಿಯೂ ಅಶೋಕಚಕ್ರವರ್ತಿಯ ಶಿಲಾಶಾಸನಗಳನ್ನು ಬೆಳಕಿಗೆ ತಂದರು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರರು ಬ್ರಹ್ಮಗಿರಿಯಲ್ಲಿ ನಡೆಯಿಸಿದ ಉತ್ಖನನದಿಂದ, ಅಶೋಕನಿಗಿಂತಲೂ ಪೂರ್ವದಲ್ಲಿ ಕಲ್ಲುಕೊಡಲಿಗಳನ್ನು ಬಳಸುತ್ತಿದ್ದ ಜನರು ಅಲ್ಲಿ ವಾಸವಾಗಿದ್ದರೆಂಬುದು ಸ್ಪಷ್ಟವಾಯಿತು. ಈ ಪುರಾತನ ನೆಲೆಗಳ ಬಳಿ ಹರಿಯುವ ಹೊಳೆಯೇ ಜನಗಹಳ್ಳವೆಂಬ ನಾಮಾಂತರವುಳ್ಳ ಚಿನ್ನಹಗರಿ. ಶಾಸನಗಳನ್ನು ನೋಡಬಂದವರು ಅದರ ಮರಳುಪಾತ್ರವನ್ನು ಕಂಡು, ಇದೂ ಒಂದು ಹೊಳೆಯೇ ಎಂದು ಉಪೇಕ್ಷಿಸುವುದುಂಟು. ಆದರೆ ಆ ಮರಳಿನಲ್ಲಿಯೂ ಒಂದು ಚರಿತ್ರೆಯು ಅಡಗಿರುವುದು.

ಚಿನ್ನಹಗರಿಯು ಮುಂದೆ ಹಿರಿಯ ಹಗರಿಯನ್ನು, ಎಂದರೆ ವೇದಾವತಿಯನ್ನು, ಕೂಡುವುದು. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟುವ ವೇದಾ ಮತ್ತು ಅವತೀ ನದಿಗಳ ಸಂಗಮದಿಂದಾದ ವೇದಾವತಿಯು ಹಿರಿಯೂರು ಚಳ್ಳಕೆರೆ ಸೀಮೆಗಳನ್ನು ದಾಟಿ, ಕಡೆಗೆ ತುಂಗಭದ್ರೆಯಲ್ಲಿ ಲೀನವಾಗುತ್ತದೆ. ಅಘವನ್ನು ಹರಿಸುವುದರಿಂದ ಅಘಹರಿ, ಅದೇ ಹಗರಿಯಾಯಿತೆಂದು ಕೆಲವರು ನಿರ್ವಚನ ಹೇಳುವರು. ಪಾಪವನ್ನು ಹರಿಸುವುದೋ ಇಲ್ಲವೋ, ಈ ನದಿಯು ಮಣ್ಣನ್ನು ಹರಿಸುವುದಂತೂ ಪ್ರತ್ಯಕ್ಷಸಿದ್ಧವು.

ಚಳ್ಳಕೆರೆ ಮೊಳಕಾಲ್ಮೂರು ಪ್ರಾಂತಗಳಲ್ಲಿ ವರ್ಷದ ಮಳೆಯು ಸುಮಾರು ೫೦೦ ಮಿಲಿಮೀಟರು ಮಾತ್ರ. ಇಂತಹ ಬರನಾಡಿಗೆ ನೆರೆಯ ಭಯವೇಕೆಂದು ಶಂಕಿಸಬಹುದು. ಆದರೆ ಆ ಅಲ್ಪವೃಷ್ಟಿಯ ಬಹುಭಾಗವು ಕೆಲವೇ ದಿನಗಳಲ್ಲಿ ರಭಸದಿಂದ ಸುರಿಯುವುದು. ಹುಲ್ಲು ಪೊದೆಗಳಿದ್ದ ಗುಡ್ಡದಲ್ಲಿ ಬೇರುಗಳು ನೀರಿನ ವೇಗವನ್ನು ತಡೆಯುವುವು. ಬೋಳುಗುಡ್ಡದಲ್ಲಿ ಹನಿಯು ಮಣ್ಣನ್ನು ಒಡೆದು ಜತೆಯಲ್ಲಿಯೇ ಒಯ್ಯುವುದು. ಇಳಿಜಾರು ತಗ್ಗಿದಲ್ಲಿ ಆ ಭಾರವು ಕೆಳಗೆ ಕೂತು ಹಳ್ಳದ ತಳವು ಏರುವುದು. ಮರುವರ್ಷದ ನೀರು ದಡ ಮೀರುವುದು. ಆದಕಾರಣ ಮಳೆಯು ದೈವಾಧೀನವಾದರೂ ಹೂಳು ಬಹುಮಟ್ಟಿಗೆ ಮನುಷ್ಯಾಧೀನವು.

ಇದನ್ನು ಪೂರ್ವಿಕರು ಬಲ್ಲವರಾಗಿದ್ದರು. ಚಿತ್ರದುರ್ಗದ ಬಳಿ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನವೇ ಒಂದು ತಟಾಕದ ಸಂಬಂಧವಾದುದು. ಕೆರೆ ಕಟ್ಟಿದವರಿಗೆ ಕಟ್ಟುಕೊಡಗೆಯನ್ನೂ, ಕೆರೆಯ ರಕ್ಷಣೆಗೆ ಬಿತ್ತುವಟ್ಟವನ್ನೂ ಬಿಡುತ್ತಿದ್ದುದು, ಹೂಳು ಸಾಗಿಸುವ ಬಂಡಿಗಳಿಗೆ ದತ್ತಿ ಇಡುತ್ತಿದ್ದುದು ಕನ್ನಡನಾಡಿನ ಶಾಸನಗಳಿಂದ ತಿಳಿದುಬರುವುದು. ಗುಡ್ಡದಿಂದಿಳಿದ ಮಣ್ಣು ಕೆರೆಯಂಗಳದಲ್ಲಿ ನಿಂತು, ಬೇಸಗೆಯಲ್ಲಿ ಬಂಡಿಯೇರಿ ಹೊಲಕ್ಕೆ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಈ ಕ್ರಮವು ತಪ್ಪಿದ ಕೆರೆಯಲ್ಲಿ ನೀರಿನ ಸ್ಥಳವನ್ನು ಮಣ್ಣು ಆಕ್ರಮಿಸುವುದು. ಏರಿಯೊಡೆದರೆ ಒಂದರ ನೀರು ಮತ್ತೊಂದನ್ನು ಒಡೆಯುವುದು. ೧೮೫೧ರ ಚಂಡಮಾರುತದಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯ ಬಹುಸಂಖ್ಯೆಯ ಕೆರೆಗಳು ಹೀಗೆ ನಾಶವಾದುವು.

ಅನಂತರದ ಕಾಲದಲ್ಲಿ ಭೂಮಿಯ ಉಪಯೋಗವೇ ಬದಲಾಯಿತು. ಕಾವಲುಗಳು ಕುಗ್ಗಿದುವು; ಕೆಂಪುನೆಲವನ್ನು ಶೇಂಗಾ ಆವರಿಸಿತು. ಶೇಂಗಾದಿಂದ ಚಳ್ಳಕೆರೆಗೆ ಎಣ್ಣೆಯ ಪೇಟೆಯೆಂಬ ಕೀರ್ತಿ ಬಂದುದು ನಿಜವು. ಆದರೆ ಗಿಡವನ್ನು ಬೇರುಸಹಿತ ಕಿತ್ತ ಹೊಲವು ಹಿಂಗಾರಿನ ಮಳೆಗೆ ಸಡಿಲವಾಗಿ ತೆರೆದಿರುವುದೂ ಅಷ್ಟೇ ನಿಜವು. ಇತ್ತ ನದೀಪಾತ್ರದ ಮರಳನ್ನು ಕಟ್ಟಡಗಳಿಗಾಗಿ ತೆಗೆದೊಯ್ದರು. ಮರಳು ತನ್ನೊಳಗೆ ನೀರನ್ನು ಧರಿಸಿ ದಡದ ಬಾವಿಗಳನ್ನು ಪೋಷಿಸುವುದು. ಹೀಗೆ ಮೇಲಿರಬೇಕಾದ ಮಣ್ಣು ಕೆಳಗಿಳಿಯಿತು. ಹೊಳೆಯಲ್ಲಿರಬೇಕಾದ ಮರಳು ಹೊರಟುಹೋಯಿತು.

ವೇದಾವತಿಗೆ ಅಡ್ಡಲಾಗಿ ಹಿರಿಯೂರು ತಾಲೂಕಿನ ಮಾರಿಕಣಿವೆಯಲ್ಲಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ವಾಣೀವಿಲಾಸ ಸಾಗರವು ನೀರನ್ನೂ ಹೂಳನ್ನೂ ಮೇಲೆಯೇ ತಡೆಯಿತು. ಅದು ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಪುನಃ ಕೋಡಿ ಬಿದ್ದುದು ೨೦೨೨ರಲ್ಲಿ. ನಡುವಣ ೮೯ ವರ್ಷಗಳಲ್ಲಿ ಮೂರು ತಲೆಗಳು ಕಳೆದುವು. ಹೊಳೆಯ ನಿಜವಾದ ಅಗಲವು ಜನರ ನೆನಪಿನಿಂದ ಅಳಿಯಿತು. ಒಣಗಿದ ಪಾತ್ರದಲ್ಲಿ ಜಾಲಿ ಬೆಳೆಯಿತು, ಬೇಸಾಯವೂ ಇಳಿಯಿತು. ನೀರು ಬಂದಾಗ ಅದು ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ೨೦೨೫ರ ಜನವರಿಯಲ್ಲಿ ಸಾಗರವು ಮೂರನೆಯ ಬಾರಿ ಕೋಡಿ ಬಿದ್ದಿತು. ಅದಕ್ಕೆ ಭದ್ರೆಯಿಂದೆತ್ತಿ ಹರಿಯಿಸಿದ ನೀರೂ ಸಹಾಯವಾಯಿತು.

ಹೂಳಿನ ಬೆಲೆಯನ್ನು ತಿಳಿಯಲು ತುಂಗಭದ್ರಾ ಜಲಾಶಯವನ್ನು ನೋಡಬೇಕು. ಹಗರಿಯು ಆ ಅಣೆಕಟ್ಟಿನ ಕೆಳಗೆ ತುಂಗಭದ್ರೆಯನ್ನು ಸೇರುವುದರಿಂದ ಅಲ್ಲಿಯ ಹೂಳು ಇದರದಲ್ಲ. ಆದರೂ ನಿದರ್ಶನವು ಸಮೀಪದ್ದು. ೧೯೫೩ರಲ್ಲಿ ೧೩೩ ಟಿ.ಎಂ.ಸಿ. ಅಡಿ ಹಿಡಿಯುತ್ತಿದ್ದ ಅದು ೨೦೧೬ರ ಅಳತೆಯಲ್ಲಿ ಸುಮಾರು ೧೦೫ಕ್ಕೆ ಇಳಿದಿತ್ತು. ಅಷ್ಟರಮಟ್ಟಿಗೆ ಹೊಲಗಳ ನೀರು ಹೋಯಿತು.

ಈಗ ವಾಯುಮಂಡಲವು ಕಾಯುತ್ತಿರುವುದು. ಉಷ್ಣತೆಯು ಒಂದು ಸೆಲ್ಸಿಯಸ್ ಅಂಶ ಏರಿದರೆ ಗಾಳಿಯು ಶೇಕಡಾ ೭ರಷ್ಟು ಹೆಚ್ಚು ತೇವವನ್ನು ಧರಿಸಬಲ್ಲುದು. ಸುರಿಯುವ ಮಳೆಯು ಇನ್ನೂ ಬಿರುಸಾಗುವುದು. ಆಕಾಶವನ್ನು ಒಂದು ಊರು ತಿದ್ದಲಾರದು. ಆದರೆ ಗುಡ್ಡಕ್ಕೆ ಹುಲ್ಲು, ಹೊಲಕ್ಕೆ ಬದು, ಕೆರೆಗೆ ಹೂಳೆತ್ತುವಿಕೆ, ಹೊಳೆಗೆ ಅದರ ಅಗಲ, ಈ ನಾಲ್ಕೂ ಊರಿನ ಕೈಯಲ್ಲಿಯೇ ಇವೆ. ತಟಾಕನಿರ್ಮಾಣವನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ ಹಿರಿಯರ ಅಭಿಪ್ರಾಯವು ಇದೇ: ಸಂತಾನವನ್ನು ಪಡೆದರೆ ಸಾಲದು, ಸಾಕಬೇಕು.