ಸಾವಿರ ಮೆಟ್ಟಿಲ ದಾರಿ

ಸಮುದ್ರಮಟ್ಟದಿಂದ 3,489 ಅಡಿ ಎತ್ತರವಿದ್ದರೂ ಮೈಸೂರು ಪಟ್ಟಣದಿಂದ ನೋಡಿದರೆ ಸಾವಿರ ಅಡಿಯಷ್ಟೇ ಮೇಲೆದ್ದಿರುವ ಚಾಮುಂಡಿ ಬೆಟ್ಟವನ್ನು ಪರ್ವತವೆಂದು ವರ್ಣಿಸಿದರೆ ಹಿಮಾಲಯವನ್ನು ಕಂಡವರು ನಕ್ಕಾರು. ಆದರೆ ಬಿಡಿಕಾಸಿನ ವ್ಯಯವಿಲ್ಲದೆ, ಮುಂಜಾನೆ ಹೊರಟು ಊಟದ ವೇಳೆಗೆ ಮನೆ ಸೇರಬಹುದಾದ ಸಾಹಸವೊಂದನ್ನು ಮೂರು ಶತಮಾನಗಳಿಂದ ಬಡವಬಲ್ಲಿದರಿಗೆಲ್ಲ ಸಮನಾಗಿ ಒದಗಿಸುತ್ತ ಬಂದ ಕೀರ್ತಿ ಅದಕ್ಕೆ ಸಲ್ಲತಕ್ಕದ್ದು.

ಹಿಂದೆ ಇದು ಮಹಾಬಲಾದ್ರಿ. ಇಲ್ಲಿಯ ಮಹಾಬಲೇಶ್ವರನ ಗುಡಿ ಚಾಮುಂಡಿ ದೇವಿಯ ಗುಡಿಗಿಂತ ಪ್ರಾಚೀನವಾದುದು. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಬುಡದಿಂದ ನೆತ್ತಿಯವರೆಗೆ ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿ, ದಾರಿಯ ಮುಕ್ಕಾಲುಪಾಲು ಕಳೆಯುವ ಎಡೆಯಲ್ಲಿ ಏಕಶಿಲೆಯ ಮಹಾನಂದಿಯನ್ನು ಕಡೆಯಿಸಿದರು. ಶಿಲ್ಪದ ಸೊಬಗನ್ನು, ಕೊರಳ ಗಂಟೆಸರದ ಕುಸುರಿಯನ್ನು ಕೊಂಡಾಡಿದವರು ಬಹುಮಂದಿ. ನನಗಾದರೋ ಆ ಸ್ಥಳದ ಆಯ್ಕೆಯೇ ಹೆಚ್ಚಿನ ಜಾಣ್ಮೆಯೆಂದು ತೋರುತ್ತದೆ. ಏದುಸಿರು ಬಿಡುತ್ತ, ಇನ್ನು ಹಿಂದಿರುಗೋಣವೆಂದು ಮನಸ್ಸು ಪಿಸುಗುಟ್ಟುವ ಹೊತ್ತಿಗೆ ಸರಿಯಾಗಿ, ಸುಮಾರು ಹದಿನಾರಡಿ ಎತ್ತರದ ಆ ಬಸವಣ್ಣ ತಾನೇ ನೆಮ್ಮದಿಯಾಗಿ ಮಲಗಿ, ಬಂದವರನ್ನೂ ಕೂಡಿಸಿಕೊಳ್ಳುತ್ತಾನೆ. ಭಕ್ತಿಯ ನೆಪದಲ್ಲಿ ಪ್ರದಕ್ಷಿಣೆಗೆ ನಿಂತವನಿಗೆ ದಮ್ಮೂ ಹಿಂದಿರುಗುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ದೇವಿಯ ಗುಡಿಗೆ ಎತ್ತಿಸಿದ ಏಳಂತಸ್ತಿನ ಗೋಪುರ ಮುಂದಿನ ತಲೆಮಾರುಗಳಿಗೆ ದೂರದಿಂದಲೇ ಗುರಿಯಾಯಿತು. ಅನಂತರ ಮೋಟಾರು ರಸ್ತೆ ಬೆಟ್ಟವನ್ನು ಬಳಸಿಕೊಂಡು ಮೇಲೇರಿತು. ಮೆಟ್ಟಿಲುಗಳ ಕಾಲ ಮುಗಿಯಿತೆಂದು ಭಾವಿಸುವುದು ಸಹಜವಾದರೂ, ನಿಜವಾಗಿ ಅವುಗಳ ವೈಭವ ಪ್ರಾರಂಭವಾದುದೇ ಅಂದಿನಿಂದ ಎಂದು ನನ್ನ ಮತ. ಅದುವರೆಗೆ ದರ್ಶನ ಬೇಕಾದವನು ಹತ್ತಲೇಬೇಕಿತ್ತು. ಬಸ್ಸು ಬಂದಮೇಲೆ ಹತ್ತುವವನು ತನ್ನ ಇಚ್ಛೆಯಿಂದಲೇ ಹತ್ತುತ್ತಾನೆ. ರಜೆಯ ದಿನ ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೊರಡುವ ಸಂಸಾರಗಳು, ಪಂದ್ಯ ಕಟ್ಟಿ ಓಡುವ ಹುಡುಗರು, ವೈದ್ಯರ ಮಾತಿಗೆ ಮಣಿದ ನಿವೃತ್ತ ಗುಮಾಸ್ತರು, ಎಲ್ಲರೂ ಈ ವರ್ಗದವರೇ.

ಇವರೆಲ್ಲರ ಪೌರುಷವನ್ನು ಆಷಾಢ ಶುಕ್ರವಾರಗಳಂದು ಹರಕೆ ಹೊತ್ತ ಹೆಂಗಸರು ಸದ್ದಿಲ್ಲದೆ ಮುರಿಯುತ್ತಾರೆ. ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮವಿಟ್ಟು, ಮತ್ತೆ ಎದ್ದು, ಮತ್ತೆ ಬಾಗಿ ಅವರು ಏರುವ ಪರಿಯನ್ನು ಕಂಡವನು ತಾನು ಎಷ್ಟು ನಿಮಿಷದಲ್ಲಿ ಹತ್ತಿದೆನೆಂಬ ಲೆಕ್ಕವನ್ನು ಬಾಯಿಬಿಟ್ಟು ಹೇಳಲಾರ. ಇಳಿಯುವುದಾದರೆ ಹತ್ತುವುದಕ್ಕಿಂತ ಕಷ್ಟ, ಮೊಳಕಾಲು ನಡುಗುತ್ತದೆ. ಆದುದರಿಂದ ಮೆಟ್ಟಿಲಿನಲ್ಲಿ ಹೋಗಿ ಬಸ್ಸಿನಲ್ಲಿ ಮರಳುವ ಹಿರಿಯರೂ ಉಂಟು. ಅದನ್ನು ನಾನು ಆಕ್ಷೇಪಿಸಲಾರೆ.